ಸಿಟ್ಟಿಲ್ಲದ ಅರ್ಧ ಗಂಟೆ

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಬೆಳಿಗ್ಗೆ ಆರೂವರೆಗೇ ಡೇರಿಯ ಮುಂದೆ ಕ್ಯಾನುಗಳ ಸಾಲು. ಹಾಲು ಪರೀಕ್ಷಿಸುವ ಅಕ್ಕ ಅಳತೆಕಡ್ಡಿಯನ್ನು ಹಾಲಿಗೆ ಇಳಿಬಿಟ್ಟು, ಕಣ್ಣು ಕಿರಿದು ಮಾಡಿ, "ಡಿಗ್ರಿ ಇದೆ, ಸುರೀರಿ" ಎಂದೋ "ನೀರಿದೆ, ವಾಪಸ್ ತಗೊಂಡ್ಹೋಗಿ" ಎಂದೋ ತೀರ್ಪು ಕೊಡುತ್ತಿದ್ದಳು. ಹದಿನೆಂಟು ವರ್ಷದಿಂದ ಅಲ್ಲಿ ಅವಳ ಮಾತೇ ಮಾತು.

ಇವತ್ತು ಮಾತ್ರ ಅವಳ ಮನಸ್ಸು ಹಾಲಿನಲ್ಲಿರಲಿಲ್ಲ. ಮುಟ್ಟು ನಿಂತ ಮೇಲೆ ಎರಡು ವರ್ಷ ಅವಳು ಒಲೆ ಮೇಲಿನ ಕಾವಲಿಯಂತೆ ಕಾದಿದ್ದಳು. ನಿದ್ದೆಯಿಲ್ಲ, ಸೀರೆ ಹಿಂಡಿದರೆ ಒಂದು ಚೊಂಬು ಬೆವರು. ಹಾರ್ಮೋನ್ ಮಾತ್ರೆ ಶುರುಮಾಡಿದ ಮೇಲೆ, ಈ ಆರು ತಿಂಗಳಿಂದ, ಮತ್ತೆ ಮನುಷ್ಯಳಾಗಿದ್ದಳು. ಕೊನೆಯ ಮಾತ್ರೆ ಬೆಳಿಗ್ಗೆ ಹೊಟ್ಟೆ ಸೇರಿತ್ತು. ಇವತ್ತಿನ ತಪಾಸಣೆಯಲ್ಲಿ ಬಿಪಿ ಸರಿಯಿದ್ದರೆ ಮಾತ್ರ ಹೊಸ ಚೀಟಿ.

ಅರ್ಧ ದಿನದ ರಜೆ ಕೇಳಿದ್ದಕ್ಕೆ ಡೇರಿಯ ಕಾರ್ಯದರ್ಶಿ ಇಡೀ ಸಾಲಿಗೆ ಕೇಳುವಂತೆ ಅಂದ: "ಓ, ಆ ಮಾತ್ರೆದಾ? ನಮ್ಮಮ್ಮ ಏನೂ ನುಂಗದೇನೇ ಇದನ್ನೆಲ್ಲ ದಾಟಿದ್ಳು ಕಣಮ್ಮ."

"ನಿಮ್ಮನ್ನ ಸಾಕಿದೋರಿಗೆ ಬೇರೆ ಕಷ್ಟ ಒಂದು ಕಷ್ಟ ಅಂತ ಅನ್ಸುತ್ತಾ, ಬಿಡಿ" ಎಂದಳು ಅಕ್ಕ.

ಸಾಲು ಗೊಳ್ಳೆಂದು ನಕ್ಕಿತು. ಅಕ್ಕನಿಗೆ ನಗು ಬರಲಿಲ್ಲ. ಕಿವಿಯಲ್ಲಿ ರಕ್ತ ಕುದಿಯುತ್ತಿತ್ತು.

ಬಸ್ಸಿನಲ್ಲಿ ಜೊತೆಗೆ ನಾದಿನಿ. "ಅತ್ತಿಗೆ, ಸಿಟ್ಟು ಮಾಡ್ಕೋಬೇಡಿ, ಬಿಪಿ ಏರುತ್ತೆ" ಎಂದು ಹನ್ನೊಂದು ಸಲ ಹೇಳಿದಳು. ಹನ್ನೆರಡನೇ ಸಲ ಕಂಡಕ್ಟರಿಗೆ ಹೇಳಿದಳು: "ಇವರ ಹತ್ರ ಚಿಲ್ಲರೆ ಕೇಳ್ಬೇಡಪ್ಪಾ, ಬಿಪಿ ನೋಡಿಸ್ಬೇಕು."

ಆಸ್ಪತ್ರೆಯ ನರ್ಸು ಅಕ್ಕನ ತೋಳಿಗೆ ಪಟ್ಟಿ ಸುತ್ತಿ ಬುಸ್‌ಬುಸ್ ಗಾಳಿ ಹೊಡೆದಳು. "ನೂರ ಅರವತ್ತೆಂಟು! ಇಷ್ಟಿದ್ರೆ ಡಾಕ್ಟ್ರು ಚೀಟಿ ಬರೆಯಲ್ಲ. ಅರ್ಧ ಗಂಟೆ ಹೊರಗೆ ಕೂತ್ಕೊಳ್ಳಿ. ಸಿಟ್ಟು ಮಾಡ್ಕೊಳ್ಳೋ ಹಾಗಿಲ್ಲ."

ಅಕ್ಕ ಬೆಂಚಿನ ಮೇಲೆ ಕೂತಳು. ಒಬ್ಬ ಅವಳ ಕಾಲು ತುಳಿದು ಸರದಿ ಮುರಿದು ಒಳಗೆ ನುಗ್ಗಿದ. ಅಕ್ಕ ಕಾಲು ಹಿಂದಕ್ಕೆಳೆದುಕೊಂಡಳು. ನಾದಿನಿ ಪಕ್ಕದ ಹೆಂಗಸಿಗೆ ಅತ್ತಿಗೆಯ ಮುಟ್ಟಿನ ಚರಿತ್ರೆಯನ್ನು ಮೊದಲಿನಿಂದ ಹೇಳತೊಡಗಿದಳು. ಅಕ್ಕ ಗೋಡೆಯ ಗಡಿಯಾರ ನೋಡಿದಳು. ನಾಲಿಗೆಯ ತುದಿಗೆ ಬಂದ ಬೈಗುಳಗಳನ್ನು ಬಿಸಿ ಮುದ್ದೆಯಂತೆ ಒಂದೊಂದಾಗಿ ನುಂಗಿದಳು.

ಅರ್ಧ ಗಂಟೆಯ ಮೇಲೆ ನರ್ಸು ಮತ್ತೆ ಪಟ್ಟಿ ಸುತ್ತಿದಳು. ನೂರ ಇಪ್ಪತ್ತನಾಲ್ಕು! ಅಕ್ಕ ಗೆದ್ದವಳಂತೆ ಡಾಕ್ಟರ ಕೋಣೆಗೆ ಹೋದಳು. ಡಾಕ್ಟರ್ ಹೊಸಬ, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ.

"ಮೈ ಬಿಸಿಯಾಗುತ್ತಾ ಅಮ್ಮ?"

"ಇಲ್ಲ ಡಾಕ್ಟ್ರೇ."

"ನಿದ್ದೆ?"

"ಎಮ್ಮೆ ಥರ."

"ಸಿಟ್ಟು?"

"ನನಗಾ?" ಅಕ್ಕ ಹಲ್ಲು ಕಿರಿದಳು.

"ತುಂಬಾ ಸಂತೋಷ. ಹಾಗಿದ್ರೆ ಮಾತ್ರೆ ಇನ್ಯಾಕೆ? ನಿಲ್ಸಿ ನೋಡೋಣ."

ಡೇರಿಯಲ್ಲಿ ಒಳ್ಳೆಯ ಹಾಲಿಗೆ "ಸುರೀರಿ" ಅನ್ನುತ್ತಾರೆ. ಇಲ್ಲಿ ಎಲ್ಲ ಚೆನ್ನಾಗಿದ್ದದ್ದಕ್ಕೇ ವಾಪಸ್! ಅರ್ಧ ಗಂಟೆ ಅದುಮಿಟ್ಟಿದ್ದೆಲ್ಲ ಉಕ್ಕಿ ಬಂತು.

"ಮಾತ್ರೆ ನುಂಗಿದ್ದಕ್ಕೇ ಅಲ್ವೇನಪ್ಪಾ ಚೆನ್ನಾಗಿರೋದು! ಮನೆ ಸೋರ್ತಿಲ್ಲ ಅಂತ ಯಾರಾದ್ರೂ ಹೆಂಚು ಕೀಳ್ತಾರಾ? ಎರಡು ವರ್ಷ ಬೆಂದಿದ್ದು ನಾನು! ಆಗೆಲ್ಲಿದ್ದೆ ನೀನು?"

ಮೇಜಿನ ಮೇಲಿನ ಕಾಗದಗಳು ಅದುರಿದವು. ಡಾಕ್ಟರ್ ಕನ್ನಡಕ ಸರಿಮಾಡಿಕೊಂಡ.

"ನೀವು ಹೇಳೋದು ಸರಿ ಅಮ್ಮ. ತಪ್ಪು ನಂದೇ. ಮಾತ್ರೆ ಮುಂದುವರಿಸೋಣ."

ಅಕ್ಕನ ಕಣ್ಣಲ್ಲಿ ನೀರು ಬಂತು. ಡಾಕ್ಟರ್ ಪೆನ್ನು ತೆಗೆದು ಚೀಟಿಯ ಮೇಲೆ ತಾರೀಖು ಬರೆದ. ಆಮೇಲೆ ಅವಳ ಕೆಂಪೇರಿದ ಮುಖ ನೋಡಿ, "ಯಾವುದಕ್ಕೂ ನಾನೇ ಒಂದ್ಸಲ ನೋಡ್ಬಿಡ್ತೀನಿ" ಎಂದು ತೋಳಿಗೆ ಪಟ್ಟಿ ಸುತ್ತಿದ.

ನೂರ ಎಪ್ಪತ್ತಾರು.

ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದ. "ಇಷ್ಟಿರೋವಾಗ ಕೊಡೋಕಾಗಲ್ಲಮ್ಮ. ಒಂದು ವಾರ ಬಿಟ್ಟು ಬನ್ನಿ. ಸಮಾಧಾನವಾಗಿ ಬನ್ನಿ."

ಅಕ್ಕ ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿದಳು.

"ಬರ್ತೀನಿ. ಆದ್ರೆ ಮಾತ್ರೆ ಇಲ್ದೆ ಒಂದು ವಾರ ಸಮಾಧಾನವಾಗಿರೋದು ಹೇಗೆ ಅಂತ, ಆ ಚೀಟೀಲೇ ಬರ್ಕೊಡಿ. ಹೇಗೂ ತಾರೀಖು ಹಾಕಿದ್ದೀರಲ್ಲ."