ಕೊಟ್ರಪ್ಪನವರ ತುಕ್ಕು ಹಿಡಿಯದ ಮೀನುಗಳು

ವಸ್ತುಗಳನ್ನು ಬಳಸುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ; ಕಾಪಾಡುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಬಳ್ಳಾರಿಯಲ್ಲಿ ನಾನು ಮಾಸ್ತರಿಕೆ ಮಾಡುತ್ತಿದ್ದಾಗ ನಮ್ಮ ಹೆಡ್‌ಮಾಸ್ತರರು ಮಳೆ ಬಂದರೆ ಕೊಡೆಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ತಾವು ನೆನೆಯುತ್ತ ಬರುತ್ತಿದ್ದರು. ನಮ್ಮೂರಿಗೆ ಮಳೆ ಬರುವುದೇ ಅಪರೂಪ. ಬಂದಾಗಲೂ ಆ ಕೊಡೆಗೆ ನೀರು ಕಾಣುವ ಯೋಗವಿರಲಿಲ್ಲ. ಅವರನ್ನಾದರೂ ಕ್ಷಮಿಸಬಹುದಿತ್ತು. ನನ್ನ ಷಡ್ಡಕ ಕೊಟ್ರಪ್ಪನವರನ್ನು ಕ್ಷಮಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಕೊಟ್ರಪ್ಪನವರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಕಂಟೋನ್ಮೆಂಟಿನಲ್ಲಿ ಗುಮಾಸ್ತರಾಗಿದ್ದರು. ಬಿಳಿಯರು ದೇಶ ಬಿಟ್ಟು ಹೊರಟಾಗ ಅವರ ಸಾಹೇಬ ಒಂದು ಗಾಳದ ಕೋಲು, ಒಂದು ಮರದ ಪೆಟ್ಟಿಗೆ ಕೊಟ್ಟು ಹೋದ. ಪೆಟ್ಟಿಗೆಯ ತುಂಬ ಸುಳ್ಳು ಮೀನುಗಳು. ಕೆಲವು ಹಿತ್ತಾಳೆಯವು, ಕೆಲವು ತಗಡಿನವು, ಎಲ್ಲದರ ಬಾಲಕ್ಕೂ ಮೂರು ಮೊನೆಯ ಕಬ್ಬಿಣದ ಕೊಕ್ಕೆ. ನೀರಿನಲ್ಲಿ ಎಳೆದರೆ ದೊಡ್ಡ ಮೀನು ಇದನ್ನು ಮರಿಮೀನೆಂದು ನಂಬಿ ನುಂಗಲು ಬರುತ್ತದಂತೆ. ಕೊಟ್ರಪ್ಪನವರೋ ಕೊರಳಲ್ಲಿ ಲಿಂಗ ಕಟ್ಟಿದವರು; ಊಟದ ಹೊತ್ತಿನಲ್ಲಿ ಯಾರಾದರೂ ಮೊಟ್ಟೆಯ ಹೆಸರೆತ್ತಿದರೆ ಎಲೆ ಬಿಟ್ಟು ಏಳುವವರು.

“ಮೀನು ಸಿಕ್ಕರ ಏನ್ ಮಾಡ್ತೀರಿ ಅಣ್ಣಾರ?” ಎಂದು ಕೇಳಿದೆ.

“ಸಿಕ್ಕಾಗ ನೋಡೋಣ ಬಿಡ್ರಿ ಮಾಸ್ತರ್ರ. ಮೊದಲು ಇವಕ್ಕ ತುಕ್ಕು ಹಿಡೀಬಾರದು” ಎಂದರು.

ನೌಕರಿ ಹೋದ ಮೇಲೆ ಅವರು ಸ್ವಂತ ಊರಾದ ಕುರುಗೋಡಿನಲ್ಲಿ ಬಟ್ಟೆ ಅಂಗಡಿ ಹಾಕಿದರು. ಅಲ್ಲಿಗೆ ಹೋದಾಗಲೆಲ್ಲ ನನಗೆ ಉಪದೇಶ ತಪ್ಪುತ್ತಿರಲಿಲ್ಲ. ಹಿತ್ತಾಳೆ ಕಿಲುಬುಗಟ್ಟದಂತೆ ಹುಣಸೆಹಣ್ಣಿನಿಂದ ತಿಕ್ಕಿ ಒಡನೆ ಒರೆಸಬೇಕು. ಕೊಕ್ಕೆಗೆ ಹರಳೆಣ್ಣೆ, ಅದೂ ಹಚ್ಚಿದ್ದು ಕಾಣದಷ್ಟು. ಪೆಟ್ಟಿಗೆಯಲ್ಲಿ ತೇವ ಹೀರಲು ಇದ್ದಿಲಿನ ಗಂಟು. ಅಂಗಡಿಗೆ ಬಂದ ಗಿರಾಕಿ ಸೀರೆ ಕೇಳಿ ಕೇಳಿ ಎದ್ದು ಹೋದರೂ ಇವರು ಮೆತ್ತನೆಯ ಮಲ್ಲು ಬಟ್ಟೆಯ ತುಂಡಿನಿಂದ ತಗಡಿನ ಬೆನ್ನು ಸವರುತ್ತ ಕೂಡುತ್ತಿದ್ದರು. “ನನ್ನ ಸಾರಿಗೆ ಹುಣಸಿಹಣ್ಣು ಇರಾಂಗಿಲ್ಲ, ಅವರ ಮೀನಿಗೆ ಇರತೈತಿ” ಎಂದು ಅತ್ತಿಗೆ ಒಳಗಿನಿಂದ ಗೊಣಗುತ್ತಿದ್ದರು.

ಒಂದು ಭಾನುವಾರ ನನ್ನನ್ನು ಸಿರುಗುಪ್ಪದ ಹೊಳೆಗೆ ಕರೆದೊಯ್ದರು. ಬಸ್ಸಿನಲ್ಲಿ ಪೆಟ್ಟಿಗೆ ಅವರ ತೊಡೆಯ ಮೇಲೆ, ಬುತ್ತಿ ನನ್ನ ತೊಡೆಯ ಮೇಲೆ. ದಂಡೆಯಲ್ಲಿ ಪೆಟ್ಟಿಗೆ ತೆರೆದು, ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿ, ಎಣ್ಣೆ ಸವರಿ, ಮತ್ತೆ ಒಳಗಿಟ್ಟರು. ಹೊತ್ತು ನೆತ್ತಿಗೆ ಬಂತು. ನೀರಿಗೆ ಒಂದೂ ಬೀಳಲಿಲ್ಲ.

“ಇವತ್ತು ಹೊಳಿ ರಾಡಿ ಐತಿ. ಹಾಕಿದರ ಕೆಡತಾವ” ಎಂದರು.

“ತಿಳಿ ಇದ್ದಾಗ ಹಾಕೀರೇನು?”

“ನೀರು ಅಂದ ಮ್ಯಾಲ ನೀರಽ ಅಲ್ರೀ.”

ನನಗೆ ತಡೆಯಲಾಗಲಿಲ್ಲ. ಕೋಲು ಕಿತ್ತುಕೊಂಡೆ, ಅತಿ ಹೊಳೆಯುವ ಒಂದು ಹಿತ್ತಾಳೆ ಮೀನನ್ನು ದಾರಕ್ಕೆ ಕಟ್ಟಿದೆ, ಇಂಥ ಮರುಳರಿಗೆ ಒಮ್ಮೆ ತೋರಿಸಿಯೇ ಬಿಡಬೇಕೆಂದು ಹೆಗಲ ಮೇಲಿಂದ ಬೀಸಿದೆ. ಅದು ಹೊಳೆಯ ಕಡೆ ಹೋಗದೆ ಹಿಂದಕ್ಕೆ ತಿರುಗಿ ಬಂದು ನನ್ನ ಎಡರಟ್ಟೆಯಲ್ಲಿ ನೆಟ್ಟಿತು.

ದವಾಖಾನೆಯ ಡಾಕ್ಟರರು ಗಾಯಕ್ಕಿಂತ ಮೊದಲು ಕೊಕ್ಕೆಯನ್ನು ನೋಡಿದರು. “ಒಂದು ಚುಕ್ಕಿ ತುಕ್ಕಿಲ್ಲ. ಪುಣ್ಯಾತ್ಮರು ನೀವು. ತುಕ್ಕಿದ್ದರ ಧನುರ್ವಾಯುವಿನ ಭಯ ಇರತಿತ್ತು. ಏನು ಹಚ್ಚತೀರಿ?” ಎಂದರು. ಕೇಳಿದ್ದು ನನ್ನನ್ನಲ್ಲ, ಕೊಟ್ರಪ್ಪನವರನ್ನು. ಇಬ್ಬರೂ ಹರಳೆಣ್ಣೆಯ ಗುಣ ಮಾತಾಡುತ್ತಿದ್ದಷ್ಟು ಹೊತ್ತೂ ಮೀನು ನನ್ನ ರಟ್ಟೆಗೆ ಜೋತಾಡುತ್ತಿತ್ತು. ಕೊನೆಗೆ ಮೊನೆಯನ್ನು ಆಚೆ ಬದಿಗೆ ತೂರಿಸಿ, ಇಕ್ಕಳದಿಂದ ಕತ್ತರಿಸಿ ತೆಗೆಯಬೇಕಾಯಿತು. ಇಕ್ಕಳ ‘ಕಟ್’ ಎಂದಾಗ ಕೊಟ್ರಪ್ಪನವರ ಕಣ್ಣಲ್ಲಿ ನೀರು ತುಂಬಿತು. ಎಷ್ಟಾದರೂ ಸಂಬಂಧವಲ್ಲವೇ, ಇಷ್ಟು ದಿನ ಈ ಮನುಷ್ಯನನ್ನು ಹೀಗಳೆದೆನಲ್ಲ ಎಂದು ನನ್ನ ಎದೆ ಕರಗಿತು. ಬಲಗೈ ಚಾಚಿ ಅವರ ಹೆಗಲು ಮುಟ್ಟಿದೆ.

ಅವರು ನನ್ನ ಕೈ ಸರಿಸಿ, ಮೀನನ್ನು ಎತ್ತಿಕೊಂಡು ಮೂಲೆಯ ನೀರಿನ ಗಡಿಗೆಯತ್ತ ಓಡಿದರು.

“ರಕ್ತದಾಗ ಉಪ್ಪಿರತೈತಿ ಮಾಸ್ತರ್ರ. ಲಗೂನ ತೊಳೀಲಿಲ್ಲಂದ್ರ ಉಳಿದ ಎರಡು ಮೊನಿನೂ ಹೋಗತಾವ” ಎಂದು ತೊಳೆದು, ಒರೆಸಲು ಬಟ್ಟೆ ಸಿಗದೆ ಸುತ್ತಲೂ ನೋಡಿದರು.

ಯಾಕೋ ಏನೋ, ನನ್ನ ಧೋತರದ ಒಣ ಚುಂಗನ್ನು ನಾನೇ ಮುಂದೆ ಹಿಡಿದೆ.