ಬಂಗಲೆಯ ಗೋಡೆಗೆ ತಂದ ಬೆಲ್ಲ

ಹಳೆಯ ಕಟ್ಟಡಗಳನ್ನು ಪ್ರೀತಿಸುವವರೆಲ್ಲ ಇತಿಹಾಸ ಓದಿಕೊಂಡವರೇ ಎಂದು ನೀವು ತಿಳಿದಿದ್ದರೆ, ದಯವಿಟ್ಟು ನನ್ನನ್ನು ನೋಡಿ. ಇಂಡಿ ಊರಿನ ನಮ್ಮ ಹಳೇ ಬಂಗಲೆಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಬೆಲ್ಲದಿಂದ. ಹತ್ತಿ ವ್ಯಾಪಾರಿಯೊಬ್ಬರು ಇರಲಿಕ್ಕೆಂದು ಕಟ್ಟಿಸಿದ ಆ ಬಂಗಲೆ ಮುಂದೆ ಕಚೇರಿಯಾಯಿತು, ಗೋದಾಮಾಯಿತು, ಕೊನೆಗೆ ಶಾಲೆಯಾಯಿತು. ಅಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸುವಾಗ ಮೇಲಿನ ಗಚ್ಚು ಸರಿಯಾಗಿ ನನ್ನ ಬೋಳು ತಲೆಯ ಮೇಲೇ ಉದುರುತ್ತಿದ್ದುದರಿಂದ ನಾನು ಅದನ್ನು ಶಪಿಸಿದ್ದೇ ಹೆಚ್ಚು. ಈಗ ಊರವರು ಅದನ್ನು ಮೊದಲಿನಂತೆ ರಿಪೇರಿ ಮಾಡಿಸಿ ವಾಚನಾಲಯ ಮಾಡಲು ಹೊರಟಾಗ, ನಿವೃತ್ತ ಮಾಸ್ತರ, ನಂಬಿಗಸ್ತ ಎಂದು ಉಗ್ರಾಣದ ಕೀಲಿಯನ್ನು ನನ್ನ ಕೈಗೇ ಕೊಟ್ಟರು.

ಹಳೇ ಗೋಡೆಗೆ ಸಿಮೆಂಟ್ ಒಗ್ಗುವುದಿಲ್ಲ, ಸುಣ್ಣ ಮರಳಿಗೆ ಬೆಲ್ಲದ ನೀರು ಕೂಡಿಸಿ ಅರೆದ ಗಚ್ಚೇ ಬೇಕು ಎಂದು ಗೋಡೆ ಕೆಲಸದ ಗೌಂಡಿ ಲಾಲಸಾಬ ಹಟ ಹಿಡಿದ. ಹೀಗಾಗಿ ಉಗ್ರಾಣದ ತುಂಬ ಬೆಲ್ಲದ ಪೆಂಟಿಗಳು, ಒಂದೊಂದೂ ಕಲ್ಲುಗುಂಡಿನಂಥ ಮುದ್ದೆ. ನನಗೋ ಸಕ್ಕರೆ ಕಾಯಿಲೆ. ನನ್ನ ಹೆಂಡತಿ ಸುಶೀಲಾ ಮನೆಯಿಂದ ಬೆಲ್ಲವನ್ನು ಗಡೀಪಾರು ಮಾಡಿ ವರ್ಷವಾಗಿತ್ತು. ಮೊದಲ ದಿನ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಮಾಲು ಹೇಗಿದೆಯೆಂದು ಯಾರಾದರೂ ನೋಡಬೇಕಲ್ಲ. ವಾರದೊಳಗೆ ಚೂರು ಹೋಗಿ ಹಿಡಿಯಾಯಿತು. ಆ ದಿನಗಳಲ್ಲಿ ನಾನು ಎಷ್ಟು ಸುಖವಾಗಿದ್ದೆನೆಂದರೆ ಪಕ್ಕದ ಮನೆಯವರೊಡನೆ ಜಗಳಾಡುವುದನ್ನೂ ಮರೆತಿದ್ದೆ.

ಮೂರು ತಿಂಗಳಿಗೆ ರಕ್ತ ತಪಾಸಣೆಯ ಚೀಟಿ ಬಂತು. ಸುಶೀಲಾ ಚೀಟಿ ನೋಡಿದಳು, ನನ್ನ ಮುಖ ನೋಡಿದಳು. “ಮನ್ಯಾಗ ಬೆಲ್ಲ ಇಲ್ಲ, ಸಕ್ರಿ ಇಲ್ಲ. ಇದು ಹ್ಯಾಂಗ ಏರೇತ್ರಿ?”

“ವಯಸ್ಸಾತಲ್ಲ,” ಎಂದೆ.

ಮರುದಿನವೇ ಅವಳು ಬಂಗಲೆ ನೋಡಲು ಬಂದಳು. ಕೀಲಿ ಕೈತಪ್ಪೀತೆಂದು ಅದನ್ನು ಜೇಬಿನ ತಳಕ್ಕೆ ತಳ್ಳಿದೆ. ಪುಣ್ಯಾತ್ಮ ಲಾಲಸಾಬ ನನ್ನನ್ನು ಹೊಗಳಲು ನಿಂತ: “ಅಕ್ಕಾರ, ಮಾಸ್ತರಂಥಾ ಮಂದಿ ಸಿಗೂದಿಲ್ರಿ. ಒಂದೊಂದು ಪೆಂಟೀನೂ ತಾವ ತಿಂದು ನೋಡೇ ಕೊಡ್ತಾರ್ರಿ.”

“ಹೌದ್ರಿ, ಭಾಳ ಕಷ್ಟಪಡ್ತಾರ,” ಎಂದು ಸುಶೀಲಾ ನನ್ನತ್ತ ಕೈ ಚಾಚಿದಳು. ಕೀಲಿ ಕೊಟ್ಟೆ.

ಅವಳ ಉಸ್ತುವಾರಿಯಲ್ಲಿ ಗಚ್ಚಿಗೆ ಬೆಲ್ಲ ಒಮ್ಮೆಯೂ ಕಡಿಮೆ ಬೀಳಲಿಲ್ಲ. ಬಂಗಲೆಯೂ ಎಷ್ಟು ಚೆಂದ ಆಗಿದೆಯೆಂದರೆ, ಸಂಜೆ ಅಲ್ಲಿ ಕುಳಿತು ಪೇಪರ್ ಓದುವಾಗ ನನ್ನದೇ ಮನೆಯೇನೋ ಎನ್ನಿಸುತ್ತದೆ. ಆದರೆ ಗಚ್ಚು ಗಟ್ಟಿಯಾಗಲು ಅಳಲೆಕಾಯಿಯ ನೀರನ್ನೂ ಹಾಕುತ್ತಾರೆ, ಅದು ಮೈಗೂ ಒಳ್ಳೆಯದು ಎಂದು ಲಾಲಸಾಬ ಅವಳಿಗೆ ಹೇಳಿಬಿಟ್ಟಿದ್ದಾನೆ. ಈಗ ದಿನಾ ಮುಂಜಾನೆ ನನ್ನೆದುರಿಗೆ ಒಂದು ಲೋಟ ಒಗರು ನೀರು.

“ಕುಡೀರಿ. ಗ್ವಾಡಿ ಗಟ್ಟಿ ಆಗೇತಿ, ನೀವೂ ಆಗ್ತೀರಿ.”

ಗೋಡೆ ಅದನ್ನು ಬೆಲ್ಲ ಹಾಕಿಕೊಂಡು ಕುಡಿದಿತ್ತು ಎಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.