ಈಗ ತಾನೇ ಮೇಲೆ ಹೋದ್ರು

ಗುಮಾಸ್ತ ದೇವರ ಹತ್ರ ಕೇಳಿದ್ದು ಒಂದೇ ಮಾತು: "ನನ್ನ ಸ್ವಲ್ಪ ಮೇಲೆತ್ತಪ್ಪ." ಎಷ್ಟು ಮೇಲೆ, ಯಾವ ರೀತಿ ಅಂತ ಬಿಡಿಸಿ ಹೇಳ್ಲಿಲ್ಲ. ಅಲ್ಲೇ ಎಡವಟ್ಟಾಯ್ತು.

ಹದಿನಾಲ್ಕು ವರ್ಷ ಒಂದೇ ಕುರ್ಚಿ ಸವೆಸಿದವನು. ಹೆಡ್ ಕ್ಲರ್ಕ್ ಹುದ್ದೆ ಅವನಿಗೋ, ಪಕ್ಕದ ಮೇಜಿನವನಿಗೋ ಅಂತ ಮ್ಯಾನೇಜರ್ ಆವತ್ತು ಮಧ್ಯಾಹ್ನ ಫೋನ್ ಮಾಡಿ ಹೇಳೋದಿತ್ತು. ಅದಕ್ಕೇ ರಜೆ ಹಾಕಿ, ಹೆಂಡತಿನೂ ಭಾವಮೈದುನನ್ನೂ ಕರ್ಕೊಂಡು ಸಮುದ್ರದ ದಡದ ಹಳೇ ಗುಡಿಗೆ ಬಂದಿದ್ದ. ಆ ಊರಲ್ಲೊಂದು ಅನುಕೂಲ. ಗುಡಿ ಮೆಟ್ಟಿಲು ಇಳಿದ್ರೆ ನೇರ ಮರಳು. ಮೇಲೆ ಆಯುಸ್ಸು ಬೇಡ್ಕೊಂಡು, ಕೆಳಗೆ ಟಿಕೆಟ್ ತಗೊಂಡು ಕಳ್ಕೋಬಹುದು.

"ಭಾವ, ಪ್ಯಾರಾಚೂಟಲ್ಲಿ ಹೋಗಿ. ದೋಣಿ ಎಳೆಯುತ್ತೆ, ನೀವು ಹಾರ್ತೀರ, ಅಷ್ಟೇ."

"ನೀನೇ ಹೋಗಪ್ಪ."

"ನಂಗಿನ್ನೂ ಮದುವೆ ಆಗಿಲ್ಲ ಭಾವ. ಬದುಕೋ ಆಸೆ ಇದೆ."

"ಸುಮ್ನಿರೋ," ಅಂದ್ಲು ಹೆಂಡತಿ. "ಸ್ಟೂಲ್ ಹತ್ತಿ ಬಲ್ಬ್ ಹಾಕೋಕೇ ಅವ್ರಿಗೆ ಕಾಲು ನಡುಗುತ್ತೆ."

ಇಂಥ ಮಾತಿಗೆ ಎಂಥೆಂಥ ಗಂಡಸ್ರೋ ಹಾಳಾಗಿದಾರೆ. ಗುಮಾಸ್ತ ಕನ್ನಡಕ, ಫೋನು ಅವಳ ಕೈಗಿಟ್ಟು ನಡೆದೇಬಿಟ್ಟ.

ದೋಣಿಯವನು ಅವನನ್ನ ಹಾಸಿಗೆ ಸುತ್ತಿದ ಹಾಗೆ ಪಟ್ಟಿಯಲ್ಲಿ ಬಿಗಿದ. "ಭಯ ಆದ್ರೆ ಕಿರುಚಿ ಸಾರ್."

"ಕಿರುಚಿದ್ರೆ ಇಳಿಸ್ತೀರಾ?"

"ಇಲ್ಲ. ನಮಗೆ ಕೇಳ್ಸಲ್ಲ."

ದೋಣಿ ಹೊರಟಿತು. ಗುಮಾಸ್ತ ಗಾಳಿ ತಂತಿಯಿಂದ ಕಿತ್ತ ಬನಿಯನ್ ತರ ಗೋಪುರಕ್ಕಿಂತ ಎತ್ತರ ಏರಿದ. ಆಗ್ಲೇ ಮ್ಯಾನೇಜರ್ ಫೋನ್ ಬಂತು.

"ಎಲ್ಲಮ್ಮ ನಿಮ್ಮ ಯಜಮಾನ್ರು?"

"ಈಗ ತಾನೇ ಮೇಲೆ ಹೋದ್ರು ಸಾರ್."

"ಅಯ್ಯೋ! ಹೇಗಮ್ಮ?"

"ಸಮುದ್ರದಲ್ಲಿ. ದೇವರ ದರ್ಶನ ಆಯ್ತು, ಹೊರಟೇಬಿಟ್ರು. ಪಾಪ, ಕೈ ಬೀಸ್ತಾನೇ ಹೋದ್ರು."

"ನೀವು ಧೈರ್ಯ ತಗೋಬೇಕಮ್ಮ."

"ನಂಗೇನು ಸಾರ್, ಐಸ್ ಕ್ರೀಮ್ ತಿಂತಾ ಕೂತಿದೀನಿ."

ದುಃಖಕ್ಕೆ ತಲೆ ಕೆಟ್ಟಿದೆ ಅಂದ್ಕೊಂಡು ಮ್ಯಾನೇಜರ್, "ಜೊತೇಲಿ ಬೇರೆ ಯಾರಾದ್ರೂ ಇದ್ರೆ ಕೊಡಿ" ಅಂದ್ರು. ಭಾವಮೈದುನ ಫೋನ್ ತಗೊಂಡು "ಹೌದು ಸಾರ್... ಸರಿ ಸಾರ್..." ಅಂತ ದೂರ ಹೋದ. ಮೂರು ವರ್ಷದಿಂದ ಕೆಲಸವಿಲ್ಲದೆ ಅಕ್ಕನ ಮನೇಲಿ ಉಣ್ತಿದ್ದವನ ಬಾಯಲ್ಲಿ ಇಷ್ಟು ವಿನಯವನ್ನ ಯಾರೂ ಕೇಳಿರ್ಲಿಲ್ಲ.

ಅತ್ತ ದೋಣಿ ಎಂಜಿನ್ ಕೆಟ್ಟಿತು. ಗುಮಾಸ್ತ ಧೊಪ್ಪಂತ ನೀರಿಗೆ ಬಿದ್ದು, ಒಂದು ಗಂಟೆ ಬೆಂಡಿನ ಹಾಗೆ ತೇಲಿ, ಅರ್ಧ ಸಮುದ್ರ ಕುಡಿದು ದಡ ಸೇರಿದ. ಉಸಿರು ಬಂದ ಕೂಡ್ಲೇ ಮ್ಯಾನೇಜರಿಗೆ ಫೋನ್ ಹಚ್ಚಿದ.

"ಸಾರ್, ನಾನು! ನನ್ನ ಪ್ರಮೋಷನ್ ಏನಾಯ್ತು?"

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ, "ಬದುಕಿದೀರೇನ್ರೀ? ಬಹಳ ಸಂತೋಷ. ಆದ್ರೆ ಸ್ವಲ್ಪ ತಡ ಆಯ್ತಲ್ಲ. ನಿಮ್ಮ ಹೆಸರೇ ಬರೆದಿದ್ದೆ, ಸುದ್ದಿ ಕೇಳಿ ಹೊಡೆದುಹಾಕಿ ಪಕ್ಕದ ಮೇಜಿನವನ ಹೆಸರು ಹಾಕ್ದೆ. ಅವನು ಸಿಹಿ ಹಂಚ್ತಾ ಅಳ್ತಿದಾನೆ."

"ಹೋಗ್ಲಿ ಬಿಡಿ ಸಾರ್. ನನ್ನ ಹಳೇ ಕುರ್ಚಿಗೇ ಬಂದು ಕೂರ್ತೀನಿ."

"ಅದೇ ತೊಂದ್ರೆ ಕಣ್ರೀ. ಅದನ್ನ ಅನುಕಂಪದ ಮೇಲೆ ನಿಮ್ಮ ಮನೆಯವ್ರೊಬ್ರಿಗೇ ಕೊಟ್ಟು ಆರ್ಡರ್ ಮಾಡ್ಬಿಟ್ಟೆ."

ಒಂದು ಪೆನ್ಸಿಲ್ ಮಂಜೂರು ಮಾಡೋಕೆ ಮೂರು ತಿಂಗಳು ತಗೊಳ್ಳೋ ಆಫೀಸು ಅದು.

ಗುಮಾಸ್ತ ನಿಧಾನಕ್ಕೆ ತಿರುಗಿ ನೋಡಿದ. ಭಾವಮೈದುನ ಟವೆಲ್ ಹಿಡ್ಕೊಂಡು ಬಂದು, ಬಲು ಪ್ರೀತಿಯಿಂದ ಅವನ ತಲೆ ಒರೆಸ್ತಾ ಕೇಳಿದ:

"ಭಾವ, ಸೋಮವಾರ ಆಫೀಸಿಗೆ ಎಷ್ಟು ಗಂಟೆ ಬಸ್ ಹಿಡೀಬೇಕು?"